ಜ್ವರ ಬಿಟ್ಟ ಮೇಲೆ ಕಾಲಿನ ಕಡೆ ನೋಡಿ

(ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರು ಒಂದು ಭಾನುವಾರ ಸಂಜೆ ಕೂಡಿಸಿದ್ದರು. ಅಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ನರರೋಗ ತಜ್ಞನಲ್ಲ. ಜ್ವರ, ಶುಗರ್, ಬಿಪಿ ನೋಡುವ ಸಾಮಾನ್ಯ ಫಿಜಿಷಿಯನ್. ಆದರೆ ಜ್ವರ ಬಂದವರು ಮೊದಲು ಬರುವುದು ನನ್ನಂಥವರ ಹತ್ತಿರ. ಜ್ವರ ಬಿಟ್ಟು ವಾರ ಕಳೆದ ಮೇಲೆ "ಸಾರ್, ಯಾಕೋ ಕೈಕಾಲು ಬರ್ತಿಲ್ಲ" ಅಂತ ಮತ್ತೆ ಬರುವುದೂ ನನ್ನಂಥವರ ಹತ್ತಿರವೇ. ಈ "ಕೈಕಾಲು ಬರ್ತಿಲ್ಲ" ಅನ್ನುವ ಮಾತು ನನ್ನನ್ನು ಒಮ್ಮೆ ಚೆನ್ನಾಗಿ ಏಮಾರಿಸಿದೆ. ಅದಕ್ಕೇ ಇವತ್ತು ಅದರ ಬಗ್ಗೆ ಮಾತು.

ನಮ್ಮ ಕಡೆ ಈ ಒಂದೇ ಮಾತಿನಲ್ಲಿ ಮೂರು ಸಂಗತಿ ಹೇಳುತ್ತೇವೆ. ಮೊದಲನೆಯದು ಸುಸ್ತು. ಕೆಲಸ ಮಾಡಬಹುದು, ಆದರೆ ಮನಸ್ಸಿಲ್ಲ, ಎರಡು ಹೆಜ್ಜೆಗೆ ಕೂರೋಣ ಅನ್ನಿಸುತ್ತೆ. ಎರಡನೆಯದು ನೋವು. ಬಲ ಇದೆ, ಎತ್ತಲು ಹೋದರೆ ನೋಯುತ್ತೆ, ಅದಕ್ಕೆ ಎತ್ತುವುದಿಲ್ಲ. ಮೂರನೆಯದು ಬಲವೇ ಹೋಗುವುದು. ನೋವು ಇರಲಿ ಬಿಡಲಿ, ಮನಸ್ಸು ಇರಲಿ ಬಿಡಲಿ, ಕಾಲು ಮಾತು ಕೇಳುವುದಿಲ್ಲ. ಜ್ವರದ ನಂತರ ಮೊದಲಿನ ಎರಡು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಇರುತ್ತವೆ ಅಂತ ನನ್ನ ಅಂದಾಜು. ಮೂರನೆಯದು ಅಪರೂಪ. ಆದರೆ ಅದು ಬಂದಾಗ ಗಂಟೆಗಳ ಲೆಕ್ಕ.

ನಾನು ಏಮಾರಿದ್ದು ಹೇಗೆ ಅಂತ ಹೇಳುತ್ತೇನೆ. ಆಗಿನ್ನೂ ಓದು ಮುಗಿಸಿ ಬಂದ ಹೊಸತು. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ. ಮೆಕ್ಕೆಜೋಳದ ಚೀಲ ಹೊರುವ ಹಮಾಲಿ ಒಬ್ಬರು ಬಂದರು. ಮೂವತ್ತು ದಾಟದ ವಯಸ್ಸು, ಗಟ್ಟಿ ಆಳು. ನೆಗಡಿ ಜ್ವರ ಬಂದು ಹೋಗಿ ಹತ್ತು ದಿನ ಆಗಿತ್ತು. ಅಂಗಾಲಲ್ಲಿ ಇರುವೆ ಹರಿದ ಹಾಗೆ ಆಗುತ್ತೆ, ಬೆನ್ನು ಹಿಡಿದಿದೆ, ಕಾಲು ಬರ್ತಿಲ್ಲ ಅಂದರು. ನಾನು ಬಿಪಿ ನೋಡಿದೆ, ಎದೆ ನೋಡಿದೆ, ಎಲ್ಲ ಸರಿ ಇತ್ತು. ಜ್ವರದ ನಿಶ್ಶಕ್ತಿ ಅಂತ ಒಂದು ಬಾಟಲಿ ಗ್ಲೂಕೋಸ್, ಅದರಲ್ಲಿ ಒಂದು ಹಳದಿ ಬಿ ಕಾಂಪ್ಲೆಕ್ಸ್. ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಹೇಳಿದರು, "ಚಪ್ಪಲಿ ಕಾಲಲ್ಲಿ ನಿಲ್ತಿಲ್ರೀ ಸಾರ್, ಜಾರಿ ಜಾರಿ ಹೋಗ್ತಾವೆ." ನಾನು ಹೂಂ ಅಂದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡು ದಿನ ಬಿಟ್ಟು ಅವರನ್ನು ಇಬ್ಬರು ಎತ್ತಿಕೊಂಡು ಬಂದರು. ಕಾಲು ಪೂರ್ತಿ ಬಿದ್ದಿತ್ತು. ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ದನಿ ಮೂಗಿನಲ್ಲಿ ಬರುತ್ತಿತ್ತು. ಹಿರಿಯ ಡಾಕ್ಟರೊಬ್ಬರು ಬಂದು ಮಂಡಿ ಕೆಳಗೆ ರಬ್ಬರ್ ಸುತ್ತಿಗೆಯಿಂದ ಒಂದು ತಟ್ಟು ತಟ್ಟಿದರು. ನರ ಸರಿ ಇದ್ದರೆ ಕಾಲು ತಾನಾಗೇ ಹಾರಬೇಕು. ಕಾಲು ಕದಲಲಿಲ್ಲ. ಎರಡನೇ ತಟ್ಟಿಗೂ ಕದಲಲಿಲ್ಲ. ಅವರು ನನ್ನ ಮುಖ ನೋಡಿದರು. ನನ್ನ ಬ್ಯಾಗಿನಲ್ಲೂ ಒಂದು ಸುತ್ತಿಗೆ ಇತ್ತು, ಹೊಚ್ಚ ಹೊಸದು. ಎರಡು ದಿನದ ಹಿಂದೆ ಅದನ್ನು ಹೊರಗೆ ತೆಗೆದಿರಲಿಲ್ಲ.

ಆ ರೋಗಿ ಬದುಕಿದರು. ವಾರಗಟ್ಟಲೆ ಉಸಿರಾಟದ ಮಿಷನ್ ಮೇಲಿದ್ದು ಬದುಕಿದರು. ಅವತ್ತಿನಿಂದ ಜ್ವರ ಬಿಟ್ಟು ಬಂದ ಯಾರನ್ನೇ ಆಗಲಿ ನಾನು ಚಪ್ಪಲಿ ಬಗ್ಗೆ ಕೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಆ ರೋಗದ ಹೆಸರು ಗಿಲಾನ್ ಬಾರೆ ಸಿಂಡ್ರೋಮ್. ಜಿಬಿಎಸ್ ಅಂತ ಪೇಪರಿನಲ್ಲಿ ಓದಿರುತ್ತೀರಿ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಲೇ ಜಾಸ್ತಿ ಜನಕ್ಕೆ ಬಂತಲ್ಲ, ಅದೇ. ಅಲ್ಲಿ 200ಕ್ಕೂ ಹೆಚ್ಚು ಮಂದಿಗೆ ಬಂದಿತ್ತು, ಕೊಳಕು ನೀರಿನ ಮೇಲೆ ಅನುಮಾನ ಹೋಯಿತು. ಸಾಮಾನ್ಯವಾಗಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಅದಕ್ಕೂ ಮುಂಚಿನ ಆರು ವಾರದೊಳಗೆ ನೆಗಡಿ ಜ್ವರವೋ ಭೇದಿಯೋ ಆಗಿರುತ್ತೆ. ಫ್ಲೂ, ಕೋವಿಡ್, ಡೆಂಗಿ, ಚಿಕೂನ್‌ಗುನ್ಯ, ಜೀಕಾ, ಎಲ್ಲದರ ಬೆನ್ನಿಗೂ ಬರಬಹುದು. ವೈರಸ್ ಅಲ್ಲದ ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಭೇದಿಯ ಬ್ಯಾಕ್ಟೀರಿಯಾವೇ ಇವೆಲ್ಲಕ್ಕಿಂತ ದೊಡ್ಡ ಕಾರಣ. ಪುಣೆಯಲ್ಲೂ ಅದು ಸಿಕ್ಕಿತ್ತು.

ಜ್ವರ ಇದ್ದಾಗ ಬರದೆ ಬಿಟ್ಟ ಮೇಲೆ ಯಾಕೆ ಬರುತ್ತೆ? ದುಗ್ಗಮ್ಮನ ಜಾತ್ರೆ ನೆನಪು ಮಾಡಿಕೊಳ್ಳಿ. ಜನಜಂಗುಳಿಯಲ್ಲಿ ಕಳ್ಳನೊಬ್ಬ ಸರ ಕಿತ್ತುಕೊಂಡು ಓಡಿದ. ಅವನ ಹೆಗಲ ಮೇಲೆ ಕೆಂಪು ಟವೆಲ್ ಇತ್ತು. ಕಳ್ಳ ಸಿಕ್ಕ, ಪೆಟ್ಟೂ ತಿಂದ. ಆದರೆ ಜನರ ಸಿಟ್ಟು ಇಳಿಯಲಿಲ್ಲ. ಕೆಂಪು ಟವೆಲ್ ಹಾಕಿದವರನ್ನೆಲ್ಲ ಹಿಡಿದು ಬಡಿಯಲು ಶುರು ಮಾಡಿದರು. ನಮ್ಮ ಮೈಯ ಕಾವಲು ಪಡೆ ಮಾಡುವುದೂ ಇದನ್ನೇ. ರೋಗಾಣುವಿನ ಮೈಮೇಲಿನ ಕೆಲವು ಗುರುತು ನಮ್ಮ ನರದ ಮೇಲಿನ ಗುರುತಿನ ಹಾಗೇ ಇರುತ್ತವೆ. ರೋಗಾಣುವಿಗೆ ಅಂತ ತಯಾರಾದ ಪಡೆ ಒಂದರಿಂದ ಮೂರು ವಾರದೊಳಗೆ ನರದ ಮೇಲೆ ಬೀಳುತ್ತೆ. ಅಷ್ಟರಲ್ಲಿ ಜ್ವರ ಎಲ್ಲೋ ಹೋಗಿರುತ್ತೆ. ಆಂಟಿಬಯಾಟಿಕ್ ಕೊಟ್ಟರೆ ಉಪಯೋಗ ಇಲ್ಲದಿರುವುದು ಇದಕ್ಕೇ. ಕಳ್ಳ ಊರಲ್ಲೇ ಇಲ್ಲ.

ಕಾಲಿಂದ ಯಾಕೆ ಶುರು ಅನ್ನುವುದಕ್ಕೆ ಬೋರ್‌ವೆಲ್ ಕೇಬಲ್ ನೋಡಿ. ಎಲ್ಲ ಡಾಕ್ಟರೂ ವೈರಿನ ಹೋಲಿಕೆಯನ್ನೇ ಕೊಡುತ್ತಾರೆ, ನಾನೂ ಅದನ್ನೇ ಕೊಡುತ್ತೇನೆ, ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನರದ ಸುತ್ತ ವೈರಿನ ಪ್ಲಾಸ್ಟಿಕ್ಕಿನಂತೆ ಒಂದು ಹೊದಿಕೆ ಇದೆ. ಇಲಿ ಅಲ್ಲಲ್ಲಿ ಕಡಿದರೆ ಉದ್ದ ಕೇಬಲ್ಲಿಗೆ ಕಚ್ಚು ಜಾಸ್ತಿ ಬೀಳುತ್ತೆ. ಮೈಯಲ್ಲಿ ಉದ್ದದ ನರ ಸೊಂಟದಿಂದ ಕಾಲ್ಬೆರಳಿಗೆ ಹೋಗುವುದು. ಅದಕ್ಕೇ ಅಂಗಾಲಲ್ಲಿ ಜೋಮು, ಆಮೇಲೆ ಪಾದ, ಆಮೇಲೆ ತೊಡೆ, ಕೈ, ಮುಖ, ಗಂಟಲು, ಉಸಿರು. ಎರಡೂ ಕಡೆ ಸಮ ಸಮ ಏರುತ್ತೆ. ಪ್ಲಾಸ್ಟಿಕ್ ಮಾತ್ರ ಹೋಗಿದ್ದರೆ ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಹೊದಿಕೆ ಬೆಳೆಯುತ್ತೆ. ಒಳಗಿನ ತಾಮ್ರವೇ ತುಂಡಾಗಿದ್ದರೆ ಕಷ್ಟ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಂಡಿಯಿಂದ ಪಾದಕ್ಕೆ 40 ಸೆಂಟಿಮೀಟರ್ ಅಂದುಕೊಂಡರೆ 400 ದಿನ. "ಮೂರು ತಿಂಗಳಾಯ್ತು ಡಾಕ್ಟ್ರೇ, ಇನ್ನೂ ಪಾದ ಏಳ್ತಿಲ್ಲ" ಅಂತ ಬೇಜಾರಾಗಿ ಫಿಸಿಯೋಥೆರಪಿ ಬಿಡುವವರಿಗೆ ನಾನು ಸ್ಕೇಲ್ ತೋರಿಸಿ ಈ ಲೆಕ್ಕ ಹೇಳುತ್ತೇನೆ. ನರ ಬಂದು ಮುಟ್ಟುವವರೆಗೆ ಕೀಲು ಬಿಗಿದುಕೊಳ್ಳದಂತೆ ಕಾಯಬೇಕಲ್ಲ. ಫಿಸಿಯೋಥೆರಪಿ ಇರುವುದು ಅದಕ್ಕೆ.

ಈ ರೋಗದ ಹೆಸರಿನ ಹಿಂದೆ ಒಂದು ಕತೆ ಇದೆ. 1916, ಮೊದಲ ಮಹಾಯುದ್ಧದ ಕಾಲ. ಫ್ರಾನ್ಸಿನ ಸೇನೆಯ ಮೂವರು ವೈದ್ಯರು ಇಬ್ಬರು ಸೈನಿಕರ ಬಗ್ಗೆ ಬರೆದರು. ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಿದರೆ ಅದರಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಜೀವಕೋಶ ಜಾಸ್ತಿ ಇರಲಿಲ್ಲ. ಪೋಲಿಯೋ ಅಲ್ಲ, ಮೆದುಳು ಪೊರೆಯ ಸೋಂಕೂ ಅಲ್ಲ, ಇದು ಬೇರೆ ಅಂತ ಗುರುತಿಸಲು ಇದೇ ದಾರಿಯಾಯಿತು. ಗಿಲಾನ್, ಬಾರೆ, ಸ್ಟ್ರೋಲ್ ಮೂವರ ಹೆಸರು. ಸ್ಟ್ರೋಲ್ ಪಾಪ, ಹೆಸರಿಂದ ಬಿಟ್ಟುಹೋದರು. ಇವತ್ತಿಗೂ ಅದೇ ಪರೀಕ್ಷೆ ಮಾಡುತ್ತೇವೆ. ಬೆನ್ನಿಂದ ನೀರು ತೆಗೆಯಬೇಕು ಅಂದ ಕೂಡಲೇ ಮನೆಯವರು "ಬೇಡ ಸಾರ್, ಸೊಂಟ ಬಿದ್ದುಹೋಗುತ್ತಂತೆ" ಅನ್ನುತ್ತಾರೆ. ಬೀಳಲ್ಲ. ಸೂಜಿ ಹೋಗುವ ಜಾಗದಲ್ಲಿ ಬೆನ್ನುಹುರಿಯೇ ಇಲ್ಲ, ಅದು ಮೇಲೆಯೇ ಮುಗಿದಿರುತ್ತೆ. ಇನ್ನೊಂದು ಮಾತು, ಮೊದಲ ವಾರದಲ್ಲಿ ಪ್ರೋಟೀನ್ ಜಾಸ್ತಿ ಆಗದೆಯೂ ಇರಬಹುದು. ರಿಪೋರ್ಟ್ ನಾರ್ಮಲ್ ಅಂತ ಮನೆಗೆ ಹೊರಡಬೇಡಿ.

ಚಿಕಿತ್ಸೆ ಎರಡು ಇವೆ. ಒಂದು, ಸಾವಿರಾರು ದಾನಿಗಳ ಪ್ಲಾಸ್ಮಾದಿಂದ, ಅಂದರೆ ರಕ್ತದ ನೀರಿನ ಭಾಗದಿಂದ, ತೆಗೆದ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಕಾವಲು ಪ್ರೋಟೀನನ್ನು ಐದು ದಿನ ರಕ್ತನಾಳಕ್ಕೆ ಕೊಡುವುದು. ಒಂದು ಕೆಜಿ ತೂಕಕ್ಕೆ ಒಟ್ಟು 2 ಗ್ರಾಂ. 60 ಕೆಜಿ ಆಳಿಗೆ 120 ಗ್ರಾಂ, ಅಂದರೆ 5 ಗ್ರಾಮಿನ 24 ಬಾಟಲಿ. ಖರ್ಚು ಲಕ್ಷ ದಾಟುತ್ತೆ. ಇನ್ನೊಂದು, ಮಿಷನ್ನಿನಲ್ಲಿ ರಕ್ತದ ಪ್ಲಾಸ್ಮಾ ತೆಗೆದು ಬದಲಿಸುವುದು. ಫಲ ಎರಡರದ್ದೂ ಸಮ. ಒಂದಾದ ಮೇಲೆ ಇನ್ನೊಂದು ಮಾಡಿದರೆ ಲಾಭ ಹೆಚ್ಚುವುದಿಲ್ಲ. ಬಲ ಹೋಗಲು ಶುರುವಾದ ಎರಡು ವಾರದೊಳಗೆ ಕೊಟ್ಟರೆ ಒಳ್ಳೆಯದು. ಸ್ಟೀರಾಯ್ಡ್ ಇದಕ್ಕೆ ಕೆಲಸ ಮಾಡಲ್ಲ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಿ. ಡಿಸ್ಚಾರ್ಜ್ ದಿನ ಕೇಳಬೇಡಿ.

ಎಲ್ಲಕ್ಕಿಂತ ಮುಖ್ಯ ಉಸಿರು. ನಾಲ್ಕರಲ್ಲಿ ಒಬ್ಬರಿಗೆ ಮಿಷನ್ ಬೇಕಾಗುತ್ತೆ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪೂರ್ತಿ ಉಸಿರು ಎಳೆದುಕೊಂಡು, ಮಧ್ಯೆ ಉಸಿರು ತೆಗೆದುಕೊಳ್ಳದೆ, ಮಾತಾಡುವ ವೇಗದಲ್ಲಿ ಒಂದು ಎರಡು ಮೂರು ಅಂತ ಎಣಿಸಲು ಹೇಳಿ. ಆರೋಗ್ಯವಾಗಿರುವವರು ಮೂವತ್ತರ ಆಚೆ ಹೋಗುತ್ತಾರೆ. ಬೆಳಿಗ್ಗೆ ಮೂವತ್ತು ಎಣಿಸಿದವರು ಸಂಜೆ ಇಪ್ಪತ್ತಕ್ಕೆ ನಿಂತರೆ ಆಂಬುಲೆನ್ಸ್ ಕರೆಯಿರಿ. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ಆಗ ಇನ್ನೂ 97 ತೋರಿಸುತ್ತಿರುತ್ತೆ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಆ ಮೀಟರನ್ನು ಈ ರೋಗದಲ್ಲಿ ನಂಬಿ ಕೂರಬೇಡಿ. ಅದು ಕೆಳಗಿಳಿಯುವ ಹೊತ್ತಿಗೆ ತಡವಾಗಿರುತ್ತೆ.

ಹೆದರಿಸಿದ್ದು ಸಾಕು. ಈಗ ಮಕ್ಕಳದ್ದು.

ಪ್ರಾಥಮಿಕ ಶಾಲೆಯ ಹುಡುಗ. ಮೂರು ದಿನ ಜ್ವರ, ನೆಗಡಿ. ಜ್ವರ ಇಳಿದ ಬೆಳಿಗ್ಗೆ ಹಾಸಿಗೆಯಿಂದ ಇಳಿದವನೇ ಅಳುತ್ತಾನೆ, ನಡೆಯಲ್ಲ ಅನ್ನುತ್ತಾನೆ. ನಡೆದರೂ ತುದಿಗಾಲಲ್ಲಿ. ತಾಯಿ ಪೋಲಿಯೋ ಅಂತ ಓಡಿ ಬರುತ್ತಾರೆ. ಮೀನಖಂಡ ಒತ್ತಿದರೆ ಹುಡುಗ ಚೀರುತ್ತಾನೆ, ಸುತ್ತಿಗೆ ತಟ್ಟಿದರೆ ಕಾಲು ಚೆನ್ನಾಗಿ ಹಾರುತ್ತೆ. ಇದು ಫ್ಲೂ ನಂತರದ ಸ್ನಾಯು ಊತ. ಮುಖ್ಯವಾಗಿ ಫ್ಲೂನ ಬಿ ತಳಿಯಿಂದ, ಹುಡುಗರಲ್ಲೇ ಜಾಸ್ತಿ. ನೀರು, ಪ್ಯಾರಾಸಿಟಮಾಲ್, ವಿಶ್ರಾಂತಿ. ಒಂದು ವಾರದಲ್ಲಿ ಮತ್ತೆ ಗಲ್ಲಿ ಕ್ರಿಕೆಟ್. ಒಂದನ್ನು ಮಾತ್ರ ನೋಡುತ್ತಿರಿ, ಮೂತ್ರದ ಬಣ್ಣ. ಹಾಲಿಲ್ಲದ ಟೀ ಬಣ್ಣಕ್ಕೆ ಬಂದರೆ ಸ್ನಾಯು ಕರಗಿ ಕಿಡ್ನಿ ಮೇಲೆ ಭಾರ ಬೀಳುತ್ತಿದೆ ಅಂತ. ಅವತ್ತೇ ಆಸ್ಪತ್ರೆ.

ಆ ತಾಯಿ ಪೋಲಿಯೋ ಅಂತ ಹೆದರಿದ್ದು ತಪ್ಪಲ್ಲ. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಬಂಗಾಳದ ಹೌರಾ ಕಡೆಯದ್ದು. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಆದರೂ 15 ವರ್ಷದೊಳಗಿನ ಯಾವ ಮಗುವಿಗೇ ಆಗಲಿ ಕೈಕಾಲು ತಟ್ಟನೆ ಜೋತು ಬಿದ್ದರೆ ಇವತ್ತಿಗೂ ವರದಿ ಮಾಡಬೇಕು, ಎರಡು ಸಲ ಮಲದ ಮಾದರಿ ಕಳಿಸಬೇಕು. "ನಮ್ಮ ಮಗುಗೆ ಪೋಲಿಯೋ ಇಲ್ಲ ಅಂತ ನೀವೇ ಹೇಳಿದ್ರಲ್ಲ, ಮತ್ತೆ ಇದ್ಯಾಕೆ?" ಅಂತ ಜಗಳ ಆಡುತ್ತಾರೆ. ದಯವಿಟ್ಟು ಆಡಬೇಡಿ. ಇಲ್ಲ ಅನ್ನುವುದನ್ನು ಹುಡುಕುತ್ತಲೇ ಇರಬೇಕು.

ಚಿಕೂನ್‌ಗುನ್ಯಕ್ಕೆ ಬರೋಣ. 2006 ಇಲ್ಲಿರುವ ಯಾರಿಗೂ ಮರೆತಿರಲ್ಲ. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಏಳೂವರೆ ಲಕ್ಷ ನಮ್ಮ ಕರ್ನಾಟಕದ್ದೇ. ದಾವಣಗೆರೆ, ಚಿತ್ರದುರ್ಗ, ತುಮಕೂರು, ಬಳ್ಳಾರಿ ಎಲ್ಲ ಅದರ ಕೈಗೆ ಸಿಕ್ಕಿದ್ದವು. ಚಿಕೂನ್‌ಗುನ್ಯ ಅಂದರೆ ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಬಗ್ಗಿಸುವಂಥದ್ದು ಅಂತ. ನಮ್ಮೂರೂ ಬಗ್ಗಿತ್ತು. ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದರು. ಅದು ಕೀಲಿನ ನೋವು, ನಾನು ಮೊದಲು ಹೇಳಿದ ಎರಡನೇ ಬಗೆ. ತಿಂಗಳುಗಟ್ಟಲೆ ಇರುತ್ತೆ, ಹಿಂಸೆ ಕೊಡುತ್ತೆ, ಆದರೆ ಬಲ ಹೋಗಿರಲ್ಲ. ಮಣಿಕಟ್ಟು ಊದಿಕೊಂಡು ನರ ಒತ್ತಿದರೆ ಮಾತ್ರ ಬೆರಳು ಜೋಮು ಹಿಡಿಯಬಹುದು. ನನ್ನ ಭಯ ಬೇರೆ. ಊರಿಗೆ ಊರೇ ನೋವು ನೋವು ಅನ್ನುವಾಗ, ನೋವಿಲ್ಲದೆ ಬಲ ಹೋದ ಒಬ್ಬರು ಅದೇ ಸಾಲಿನಲ್ಲಿ ಕೂತು ಅದೇ ಮಾತ್ರೆ ತೆಗೆದುಕೊಂಡು ಮನೆಗೆ ಹೋಗಿಬಿಡುತ್ತಾರೆ.

ಡೆಂಗಿಯಲ್ಲಿ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಎಷ್ಟಿದೆ, ಎಷ್ಟಾಯ್ತು. ಕೆಲವರಿಗೆ ಜ್ವರದ ದಿನಗಳಲ್ಲೇ ರಕ್ತದ ಪೊಟ್ಯಾಸಿಯಂ ಇಳಿದು ಕೈಕಾಲು ಬಿದ್ದುಹೋಗುತ್ತವೆ. ನೋಡಲು ಜಿಬಿಎಸ್ ಹಾಗೇ. ಆದರೆ ಪೊಟ್ಯಾಸಿಯಂ ಕೊಟ್ಟರೆ ಒಂದೆರಡು ದಿನದಲ್ಲಿ ಎದ್ದು ನಡೆಯುತ್ತಾರೆ. ಒಂದು ಸಣ್ಣ ರಕ್ತಪರೀಕ್ಷೆ ಸಾಕು. ಅದನ್ನು ಮಾಡದೆ ಬೆಂಗಳೂರಿಗೆ ಕಳಿಸಿದರೆ ನಗೆಪಾಟಲು, ಸುಮ್ನೆ ಬಿಟ್ಟರೆ ಹೃದಯಕ್ಕೇ ಅಪಾಯ.

ಇನ್ನು ಸೂಜಿ. ಜ್ವರ ಅಂದರೆ ಸೊಂಟಕ್ಕೊಂದು ಸೂಜಿ ಬೀಳಲೇಬೇಕು ಅನ್ನುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೊಡದಿದ್ದರೆ "ಆ ಡಾಕ್ಟ್ರು ಬರೀ ಗುಳಿಗೆ ಡಾಕ್ಟ್ರು" ಅಂತ ಬೇರೆ ಕಡೆ ಹೋಗುತ್ತಾರೆ. ಪೃಷ್ಠದಲ್ಲಿ ಕಾಲಿನ ದೊಡ್ಡ ನರ ಹಾದುಹೋಗುತ್ತೆ. ಸೂಜಿ ಜಾಗ ತಪ್ಪಿದರೆ ಅವತ್ತೇ ಪಾದ ಜೋತು ಬೀಳುತ್ತೆ. ಆಮೇಲೆ ವೈರಸ್ಸನ್ನು ಬೈಯುತ್ತೇವೆ. ಪೋಲಿಯೋ ಇದ್ದ ಕಾಲದಲ್ಲಂತೂ ಜ್ವರದಲ್ಲಿ ಸ್ನಾಯುವಿಗೆ ಚುಚ್ಚಿದ ಕಾಲಿಗೇ ಲಕ್ವ ಹೊಡೆಯುವ ಸಾಧ್ಯತೆ ಜಾಸ್ತಿ ಇತ್ತು. ಗುಳಿಗೆ ನುಂಗಲು ಆಗುವವರು ಗುಳಿಗೆ ನುಂಗಿ.

ಸರ್ಪಸುತ್ತಿನ ಬಗ್ಗೆ ಮುಂದಿನ ಸಾಲಿನಲ್ಲಿ ಕೂತ ಅಮ್ಮ ಆಗಲೇ ಚೀಟಿ ಕಳಿಸಿದ್ದಾರೆ. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯಲ್ಲವಂತೆ, ನಿಜವಾ ಅಂತ. ಅಮ್ಮಾ, ಅವು ಕೂಡುವುದೇ ಇಲ್ಲ. ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಲ್ಲ, ಸೀತಾಳೆ ಸಿಡುಬು, ಆ ವೈರಸ್ ಹೋಗಿರಲ್ಲ. ಬೆನ್ನುಮೂಳೆ ಪಕ್ಕದ ನರದ ಗಂಟಿನಲ್ಲಿ ಹತ್ತಾರು ವರ್ಷ ಮಲಗಿರುತ್ತೆ. ವಯಸ್ಸಾಗಿಯೋ, ಶುಗರ್ ಇದ್ದೋ, ಮೈ ಸೋತಾಗ ಎದ್ದು ಒಂದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತೆ. ಆ ನರ ಬೆನ್ನಿಂದ ಹೊರಟು ಎದೆಯ ನಡುಗೆರೆಗೆ ಬಂದು ಮುಗಿಯುತ್ತೆ. ಬಲಗಡೆಯದ್ದು ಎಡಕ್ಕೆ ದಾಟಲ್ಲ. ಅದಕ್ಕೇ ಅರ್ಧ ಸುತ್ತು, ಪೂರ್ತಿ ಸುತ್ತಲ್ಲ.

ಕೆಮ್ಮಣ್ಣು ಹಚ್ಚುವುದನ್ನು ನಾನು ಬೈಯಲು ಹೋಗಲ್ಲ, ತಂಪು ಅನ್ನಿಸಬಹುದು. ಆದರೆ ಒಡೆದ ಗುಳ್ಳೆ ಮೇಲೆ ಮಣ್ಣು ಬೇಡ. ಕೆಮ್ಮಣ್ಣಿನ ನಿಜವಾದ ನಷ್ಟ ಮೂರು ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ಮಾತ್ರೆ ಶುರು ಮಾಡಬೇಕು. ಮಣ್ಣು ಹಚ್ಚಿಸಿಕೊಂಡು ನಾಲ್ಕನೇ ದಿನ ಬಂದರೆ ಮಾತ್ರೆಯ ಅರ್ಧ ಫಲ ಹೋಗಿರುತ್ತೆ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಉರಿ. ಬನಿಯನ್ ತಾಗಿದರೂ ಬೆಂಕಿ ಇಟ್ಟ ಹಾಗೆ. ಇದು ಚರ್ಮದ ನೋವಲ್ಲ, ಗಾಯಗೊಂಡ ನರದ್ದು. ಸಾದಾ ನೋವಿನ ಮಾತ್ರೆ ಕೇಳಲ್ಲ, ನರದ ನೋವಿನ ಬೇರೆ ಮಾತ್ರೆ ಇವೆ. ಗುಳ್ಳೆಗೆ ಮುಂಚೆಯೇ ಎರಡು ಮೂರು ದಿನ ನೋವು ಬರಬಹುದು. ಎಡಗಡೆ ಬಂದರೆ ಹಾರ್ಟ್ ಅಂತ ಇಸಿಜಿಗೆ ಓಡುತ್ತಾರೆ. ಓಡಿದ್ದು ಒಳ್ಳೆಯದೇ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ ಈಗ ನಮ್ಮ ದೇಶದಲ್ಲೂ ಸಿಗುತ್ತೆ. ದುಬಾರಿ.

ಬಾಯಿ ಸೊಟ್ಟ ಆಗುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಣೆ ನೋಡಿ. ಹುಬ್ಬು ಎತ್ತು ಅಂದಾಗ ಆ ಕಡೆಯ ಹಣೆಯಲ್ಲಿ ಗೆರೆ ಬರದಿದ್ದರೆ, ಕಣ್ಣೂ ಮುಚ್ಚದಿದ್ದರೆ ಅದು ಸಾಮಾನ್ಯವಾಗಿ ಮುಖದ ನರದ ತೊಂದರೆ. ಹಣೆ ಸರಿ ಇದ್ದು ಬಾಯಿ ಮಾತ್ರ ಸೊಟ್ಟ ಆದರೆ ಮೆದುಳಿನ ಲಕ್ವ ಅಂತಲೇ ತಿಳಿದು ಓಡಿ. ಮೊದಲನೆಯದು ಬಹಳ ಜನಕ್ಕೆ ವಾಸಿಯಾಗುತ್ತೆ. ಇದಕ್ಕೆ ಸ್ಟೀರಾಯ್ಡ್ ಕೆಲಸ ಮಾಡುತ್ತೆ, ಅದೂ ಮೂರು ದಿನದೊಳಗೆ. ರಾತ್ರಿ ಕಣ್ಣಿಗೆ ಮುಲಾಮು ಹಾಕಿ ಟೇಪ್ ಅಂಟಿಸಿ ಮಲಗಿ, ಇಲ್ಲದಿದ್ದರೆ ಬಾಯಿ ಸರಿಹೋಗಿ ಕಣ್ಣು ಹೋಗುತ್ತೆ. ಪಾರಿವಾಳದ ರಕ್ತ ಹಚ್ಚುವುದು ಬೇಡ. ವಾಸಿಯಾಗುವ ಕಾಯಿಲೆ ಅದು ತಾನಾಗೇ ವಾಸಿಯಾಗುತ್ತೆ, ಹೆಸರು ಪಾರಿವಾಳಕ್ಕೆ ಬರುತ್ತೆ.

ಇನ್ನು ಪ್ರಶ್ನೆಗಳು.

ಯಜಮಾನರೊಬ್ಬರು ಕೇಳಿದರು: ಲಸಿಕೆಯಿಂದಲೂ ಜಿಬಿಎಸ್ ಬರುತ್ತಂತಲ್ಲ? ಬರಬಹುದು. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ಹಾಕಿದಾಗ ಸುಮಾರು ಒಂದು ಲಕ್ಷಕ್ಕೆ ಒಬ್ಬರಂತೆ ಹೆಚ್ಚಾಗಿ ಬಂತು. ಈಗಿನ ಫ್ಲೂ ಲಸಿಕೆಯಲ್ಲಿ ಅದು ಹತ್ತು ಲಕ್ಷಕ್ಕೆ ಒಂದೋ ಎರಡೋ. ಫ್ಲೂ ಬಂದರೆ ಜಿಬಿಎಸ್ ಬರುವ ಸಾಧ್ಯತೆ ಅದಕ್ಕಿಂತ ಜಾಸ್ತಿ. ಲಸಿಕೆ ಹಾಕಿಸಿ ಆರು ವಾರದೊಳಗೆ ಜಿಬಿಎಸ್ ಆಗಿದ್ದವರು ಮಾತ್ರ ಮತ್ತೆ ಹಾಕಿಸುವ ಮುಂಚೆ ಡಾಕ್ಟರನ್ನು ಕೇಳಿ.

ಹಿಂದಿನ ಸಾಲಿನ ಹುಡುಗ: ಕೋವಿಡ್ ಆದ ಮೇಲೆ ನಮ್ಮಪ್ಪನಿಗೆ ಇನ್ನೂ ಸುಸ್ತು. ಕೂತಲ್ಲಿಂದ ಕೈಯೂರದೆ ಏಳುತ್ತಾರಾ ಅಂತ ಕೇಳಿದೆ. ಏಳುತ್ತಾರೆ ಅಂದ. ಮೆಟ್ಟಿಲು? ಹತ್ತುತ್ತಾರೆ, ಆಮೇಲೆ ಎರಡು ದಿನ ಮಲಗುತ್ತಾರೆ ಅಂದ. ಹಾಗಾದರೆ ಬಲ ಇದೆ, ಇದು ಸುಸ್ತು, ಆದರೆ ಸುಳ್ಳು ಸುಸ್ತಲ್ಲ. ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಒಳ್ಳೆಯ ದಿನ ಬಂತು ಅಂತ ಎಲ್ಲ ಕೆಲಸ ಒಂದೇ ದಿನ ಮಾಡಿಸಬೇಡಿ.

ಕೊನೆಗೆ ಒಬ್ಬ ಅಜ್ಜಿ: ನರದ ಕಾಯಿಲೆಗೆ ಬದನೆಕಾಯಿ ನಂಜು, ಏನು ಪಥ್ಯ? ಬದನೆಕಾಯಿ ತಿನ್ನಲಿ ಅಜ್ಜಿ, ನಂಜೇನಿಲ್ಲ. ಆದರೆ ಮುಖಕ್ಕೆ, ಗಂಟಲಿಗೆ ಬಲ ಕಡಿಮೆ ಇದ್ದವರಿಗೆ ಮಂಡಕ್ಕಿ ಕೊಡಬೇಡಿ. ನಮ್ಮೂರಲ್ಲಿ ಆಸ್ಪತ್ರೆಗೆ ನೋಡಲು ಬರುವವರು ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡೇ ಬರುತ್ತಾರೆ, ನಾನೇ ನೋಡಿದ್ದೇನೆ. ಒಣ ಕಾಳು ಗಂಟಲು ತಪ್ಪಿ ಉಸಿರಿನ ದಾರಿಗೆ ಹೋಗುತ್ತೆ. ಮೊದಲು ಎಬ್ಬಿಸಿ ನೆಟ್ಟಗೆ ಕೂರಿಸಿ, ಒಂದು ಚಮಚ ನೀರು ಕೊಡಿ. ಕೆಮ್ಮು ಬಂದರೆ, ದನಿ ಒದ್ದೆಯಾದ ಹಾಗೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ನರ್ಸಮ್ಮನನ್ನು ಕರೆಯಿರಿ. ಸಲೀಸಾಗಿ ಇಳಿದರೆ ಗಟ್ಟಿ ಗಂಜಿ ಕೊಡಿ, ಸಣ್ಣ ಸಣ್ಣ ತುತ್ತು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.